ಹೊಸ ವ್ಯವಸ್ಥೆಯೂ ಮೂಕವಾದ ಕಾರ್ಡೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರೆಹ)



ಪ್ರತಿವರ್ಷವೂ ಈ ವೇದಿಕೆಯಿಂದ ಸಾಹಿತ್ಯವನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ನಮಗೆ ರೂಢಿಯಾಗಿದೆ. ಈ ಸಲವೂ ಕಾರ್ಯದರ್ಶಿಗಳು ಆಮಂತ್ರಣಪತ್ರಿಕೆಯಲ್ಲಿ "ಉಪನ್ಯಾಸ" ಎಂದಷ್ಟೆ ಅಚ್ಚುಹಾಕಿಸಿ, ವಿಷಯವನ್ನು ನಮ್ಮ ಇಚ್ಛೆಗೆ ಬಿಟ್ಟುಕೊಟ್ಟಿದ್ದಾರೆ. ಜನ್ನನನ್ನೋ ಲಕ್ಷ್ಮೀಶನನ್ನೋ ಕೈಗೆತ್ತಿಕೊಳ್ಳುವೆವೆಂದು ತಾವು ಎಣಿಸಿ ಬಂದಿದ್ದರೆ ಕ್ಷಮೆಯಿರಲಿ. ಇಂದು ನಾವು ಹೇಳಹೊರಟಿರುವುದು ಎರಡು ಬೆರಳಗಲದ ಒಂದು ಲೋಹದ ಕಾರ್ಡಿನ ಕಥೆ. ಕನ್ನಡ ಪಂಡಿತನಿಗೂ ಗಣಕಯಂತ್ರಕ್ಕೂ ಏನು ಸಂಬಂಧವೆಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ಸಂಬಂಧವಿದೆ. ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಸಂಘದ ಸದಸ್ಯರನೇಕರು ನಮ್ಮನ್ನು ದಾರಿಯಲ್ಲಿ ತಡೆದು, "ಆ ಕ್ಯಾಸೆಟ್ಟುಗಳು ಏನಾದುವು?" ಎಂದು ಕೇಳಿದ್ದುಂಟು. ಅದಕ್ಕೆ ಉತ್ತರ ಕೊಡುವ ಹೊಣೆ ನಮ್ಮ ಮೇಲಿದೆ. ಉತ್ತರವು ದಾರಿಯಲ್ಲಿ ನಿಂತು ಹೇಳುವಷ್ಟು ಚಿಕ್ಕದಲ್ಲವಾದುದರಿಂದ ಈ ಸಭೆಯನ್ನು ಆರಿಸಿಕೊಂಡೆವು.

ಹೊಸಬರಿಗಾಗಿ ಮೊದಲಿನಿಂದ ಹೇಳಬೇಕು. 2003ನೆಯ ಇಸವಿಯಲ್ಲಿ ಕೊಲ್ಲಿದೇಶದಿಂದ ಊರಿಗೆ ಮರಳಿದ ಸದಸ್ಯರೊಬ್ಬರು ಸಂಘಕ್ಕೆ ಒಂದು ವಿಡಿಯೋ ಕ್ಯಾಮೆರಾವನ್ನು ದಾನವಾಗಿ ಕೊಟ್ಟರು. ಅಂಗೈಯಲ್ಲಿ ಹಿಡಿಯುವಂಥದು, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಮಿನಿ ಡಿವಿ ಕ್ಯಾಸೆಟ್ಟನ್ನು ಅದರೊಳಗೆ ಇಡಬೇಕು. ಅದನ್ನು ಹೆಗಲಿಗೇರಿಸಿಕೊಂಡು ನಾವೂ ಇನ್ನಿಬ್ಬರು ಮಿತ್ರರೂ ಎಂಟು ವರ್ಷಗಳ ಕಾಲ ರಜೆಯ ದಿನಗಳಲ್ಲಿ ಕುಂಬಳೆ, ಬದಿಯಡ್ಕ, ಪೆರ್ಲಗಳ ಸುತ್ತಿನಲ್ಲಿ ತಿರುಗಿದೆವು. ತಾಳಮದ್ದಳೆಗಳನ್ನು ಹಿಡಿದೆವು. ಅಡಕೆ ಸುಲಿಯುವ ಜಗಲಿಯ ಮಾತುಕತೆಗಳನ್ನು ಹಿಡಿದೆವು. ತಾವು ಓದಿದ ಶಾಲೆಯ ಕಥೆಯನ್ನು ನಿವೃತ್ತ ಅಧ್ಯಾಪಕರ ಬಾಯಿಂದಲೇ ಹೇಳಿಸಿದೆವು. ಒಟ್ಟು 62 ಕ್ಯಾಸೆಟ್ಟುಗಳಾದುವು. ಪ್ರತಿಯೊಂದಕ್ಕೂ ಅಂಕಿಹಾಕಿ, ಸ್ಥಳ, ದಿನ, ಹಾಡಿದವರ ಹೆಸರುಗಳನ್ನು ಒಂದು ಉದ್ದ ಪುಸ್ತಕದಲ್ಲಿ ಬರೆದಿಟ್ಟೆವು. ಅವುಗಳಲ್ಲಿ 44ನೆಯದು 2007ರಲ್ಲಿ ಒಬ್ಬ ಅಜ್ಜಿಯವರು ನಮ್ಮೆದುರು ಕುಳಿತು ಹಾಡಿದ 11 ಶೋಭಾನೆಯ ಹಾಡುಗಳ ಕ್ಯಾಸೆಟ್ಟು. 2009ರಲ್ಲಿ ಅಜ್ಜಿ ತೀರಿಕೊಂಡರು. ಅವರ ಮೊಮ್ಮಗಳು ಇಂದು ಈ ಸಭೆಯಲ್ಲಿದ್ದಾರೆ. ಅವರ ಅನುಮತಿಯಿಂದಲೇ ಈ ಮಾತನ್ನು ಹೇಳುತ್ತಿದ್ದೇವೆ.

ಕ್ಯಾಸೆಟ್ಟಿನ ಪಟ್ಟಿಯ ಅಗಲ 6.35 ಮಿಲಿಮೀಟರು. ಕ್ಯಾಮೆರಾದ ಒಳಗೆ ಒಂದು ಚಿಕ್ಕ ಉರುಳೆಯು ನಿಮಿಷಕ್ಕೆ 9000 ಸುತ್ತು ತಿರುಗುತ್ತ ಆ ಪಟ್ಟಿಯ ಮೇಲೆ ಚಿತ್ರವನ್ನೂ ದನಿಯನ್ನೂ ಅಂಕಿಗಳ ರೂಪದಲ್ಲಿ ಬರೆಯುತ್ತದೆ. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 13 ಗಿಗಾಬೈಟುಗಳಷ್ಟು ಅಂಕಿಗಳಿರುತ್ತವೆ. ಇವನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳಲು ಎರಡು ದಾರಿಗಳುಂಟು. ದೂರದರ್ಶನ ಪೆಟ್ಟಿಗೆಗೆ ಜೋಡಿಸುವ ಸಾಮಾನ್ಯ ತಂತಿಯಿಂದ ಚಿತ್ರವನ್ನು ಹಾಯಿಸಿ ಮತ್ತೊಮ್ಮೆ ಹಿಡಿಯುವುದು ಒಂದು. ಅದು ಯಾರೋ ಓದಿದ ಕಾವ್ಯವನ್ನು ಕೇಳಿ ಬರೆದುಕೊಂಡಂತೆ, ಅಲ್ಲಲ್ಲಿ ತಪ್ಪುವುದು ಖಂಡಿತ. ಪಟ್ಟಿಯ ಮೇಲಿನ ಅಂಕಿಗಳನ್ನೇ ಯಥಾವತ್ತಾಗಿ ಇಳಿಸಿಕೊಳ್ಳುವುದು ಇನ್ನೊಂದು; ಅದು ಬಲ್ಲ ಲಿಪಿಕಾರನು ಓಲೆಯನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಪ್ರತಿಮಾಡಿದಂತೆ. ಈ ಎರಡನೆಯ ದಾರಿಗೆ ಫೈರ್‌ವೈರ್ ಎಂಬ ವಿಶೇಷ ತಂತಿಯೂ ಅದಕ್ಕೆ ತಕ್ಕ ಕಿಂಡಿಯೂ ಬೇಕು.

ಫೈರ್‌ವೈರ್ ಎಂಬುದು ಮುಖ್ಯವಾಗಿ ಅಮೆರಿಕದ ಆಪಲ್ ಸಂಸ್ಥೆಯಲ್ಲಿ ಹುಟ್ಟಿ 1995ರಲ್ಲಿ 1394 ಎಂಬ ಅಂಕಿಯ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಯಿತು. ಜಪಾನಿನ ಸೋನಿಯವರು ಅದನ್ನೇ ಐ-ಲಿಂಕ್ ಎಂದು ಕರೆದರು. ಸೆಕೆಂಡಿಗೆ 400 ಮೆಗಾಬಿಟ್ಟುಗಳ ವೇಗ. ಮುಖ್ಯವಾಗಿ, ನಡುವೆ ತಡೆಯದೆ ಒಂದೇ ಲಯದಲ್ಲಿ ಹರಿಯಬಲ್ಲ ಗುಣ ಅದಕ್ಕಿತ್ತು. ಓಡುವ ಪಟ್ಟಿಯು ಗಣಕಯಂತ್ರಕ್ಕಾಗಿ ಕಾಯುವುದಿಲ್ಲವಷ್ಟೆ. 2001ರಲ್ಲಿ ಈ ತಂತಿಯ ಏರ್ಪಾಟಿಗಾಗಿಯೇ ಆಪಲ್ ಸಂಸ್ಥೆಗೆ ಅಮೆರಿಕದ ದೂರದರ್ಶನ ರಂಗದ ಎಮ್ಮಿ ಪ್ರಶಸ್ತಿ ದೊರೆಯಿತು. ಅದೇ ವರ್ಷ ಹೊರಬಂದ ಮೊದಲನೆಯ ಐಪಾಡ್ ಕೂಡ ಇದೇ ತಂತಿಯಿಂದ ಹಾಡುಗಳನ್ನು ತುಂಬಿಸಿಕೊಳ್ಳುತ್ತಿದ್ದಿತು. ಅಷ್ಟು ಮೆರೆದ ತಂತಿ ಅದು.

2010ರಲ್ಲಿ ಸಂಘವು ಚಂದಾ ಎತ್ತಿ ಒಂದು ಲ್ಯಾಪ್‌ಟಾಪನ್ನು ಕೊಂಡಿತು. ಅದರಲ್ಲಿ ಫೈರ್‌ವೈರ್ ಕಿಂಡಿಯಿರಲಿಲ್ಲ. ಆದರೆ ಎಡಪಕ್ಕದಲ್ಲಿ ಮತ್ತೊಂದು ಉದ್ದನೆಯ ಕಿಂಡಿ, ಎಕ್ಸ್‌ಪ್ರೆಸ್‌ಕಾರ್ಡ್ ಎಂಬುದರದು, ಇದ್ದಿತು. ಇಲ್ಲದ ಅಂಗವನ್ನು ಕೂಡಿಸಿಕೊಳ್ಳಲೆಂದೇ ಇಟ್ಟ ಕಿಂಡಿ ಇದು. ಈ ಕಿಂಡಿಯ ವಂಶಾವಳಿಯನ್ನು ಸ್ವಲ್ಪ ಹೇಳಲೇಬೇಕು, ಏಕೆಂದರೆ ನಮ್ಮ ಕಷ್ಟದ ಬೇರು ಅಲ್ಲಿಯೇ ಇದೆ.

ಮೇಜಿನ ಮೇಲಿಡುವ ಗಣಕಯಂತ್ರವನ್ನು ಬಿಚ್ಚಿ ಒಳಗೊಂದು ಹಲಗೆಯನ್ನು ಸಿಕ್ಕಿಸಬಹುದು. ಮಡಿಲಲ್ಲಿ ಇಟ್ಟುಕೊಳ್ಳುವ ಯಂತ್ರದಲ್ಲಿ ಅದಕ್ಕೆ ಎಡೆಯೆಲ್ಲಿ? ಆದುದರಿಂದ 1989ರಲ್ಲಿ ಅಮೆರಿಕದಲ್ಲಿ ಹಲವು ಕಂಪೆನಿಗಳು ಒಂದುಗೂಡಿ ಒಂದು ಸಂಘವನ್ನು ಕಟ್ಟಿದುವು. ಅದರ ಹೆಸರು ಪಿಸಿಎಂಸಿಐಎ. ಗಣಕೋದ್ಯಮದ ಹ್ರಸ್ವನಾಮಗಳನ್ನು ಜನರು ನೆನಪಿಡಲಾರರು ಎಂಬುದೇ ಈ ಅಕ್ಷರಗಳ ಅರ್ಥವೆಂದು ಆ ಉದ್ಯೋಗದವರೇ ಹಾಸ್ಯಮಾಡುತ್ತಿದ್ದರಂತೆ. ನಮ್ಮ ಕಂದಪದ್ಯದ ಮಾತ್ರಾಗಣಗಳನ್ನು ಕುರಿತು ಒಂಬತ್ತನೆಯ ತರಗತಿಯವರು ಆಡುವ ಮಾತೂ ಬೇರೆಯಲ್ಲ. 1990ರಲ್ಲಿ ಮೊದಲ ಮಾನಕ ಹೊರಟಿತು. ಆಗ ಅದು ನೆನಪಿನ ಕಾರ್ಡಿಗೆ ಮಾತ್ರ. ಮರುವರ್ಷ ಮೋಡೆಮ್ ಮೊದಲಾದುವಕ್ಕೂ ಹೊಂದುವಂತೆ ತಿದ್ದಿದರು. 85.6 ಮಿಲಿಮೀಟರ್ ಉದ್ದ, 54 ಮಿಲಿಮೀಟರ್ ಅಗಲ. ಬ್ಯಾಂಕಿನ ಕಾರ್ಡಿನಷ್ಟೇ, ದಪ್ಪ ಮಾತ್ರ ಹೆಚ್ಚು. 68 ಸೂಜಿಗಳು. 1995ರಲ್ಲಿ ಅದರ ವೇಗವನ್ನು ಹೆಚ್ಚಿಸಿ ಕಾರ್ಡ್‌ಬಸ್ ಎಂಬ ರೂಪವನ್ನು ತಂದರು. 2003ರಲ್ಲಿ ಎಕ್ಸ್‌ಪ್ರೆಸ್‌ಕಾರ್ಡ್ ಬಂದಿತು: 34 ಮಿಲಿಮೀಟರ್ ಅಗಲ, 26 ಸಂಪರ್ಕಗಳು. ಹಳೆಯ ಕಾರ್ಡು ಹೊಸ ಕಿಂಡಿಗೆ ಹೊಂದದು, ಹೊಸದು ಹಳೆಯದಕ್ಕೆ ಹೊಂದದು. ಅಷ್ಟರಲ್ಲಿ ಯುಎಸ್‌ಬಿ ಕಿಂಡಿಯೇ ಎಲ್ಲ ಕೆಲಸಕ್ಕೂ ಸಾಕೆಂಬ ನಂಬಿಕೆ ಬಲಿತು, ಆ ದಶಕ ಕಳೆಯುವಷ್ಟರಲ್ಲಿ ಆ ಸಂಘವೇ ವಿಸರ್ಜನೆಗೊಂಡಿತು. ನಾವು ಕಾರ್ಡನ್ನು ಕೊಂಡ ಕಾಲಕ್ಕೆ ಕಾರ್ಡಿನ ತವರುಮನೆಯ ಬಾಗಿಲು ಮುಚ್ಚಿತ್ತೆಂದು ನಮಗೆ ಗೊತ್ತಿರಲಿಲ್ಲ.

ಆದರೂ ಕಾರ್ಡು ಚೆನ್ನಾಗಿ ನಡೆಯಿತು. ಮಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡುತಂದು, ಅಲ್ಲಿಯ ಹುಡುಗನೇ ಯಂತ್ರಕ್ಕೆ ಹೊಂದಿಸಿಕೊಟ್ಟಿದ್ದನು. ಯಂತ್ರದಲ್ಲಿ ಆಗ ಇದ್ದುದು ವಿಂಡೋಸ್ 7 ಎಂಬ ಕಾರ್ಯಾಚರಣ ವ್ಯವಸ್ಥೆ. ಬಿಡುವಾದಾಗಲೆಲ್ಲ ಒಂದೊಂದು ಕ್ಯಾಸೆಟ್ಟನ್ನು ಇಳಿಸಿದೆವು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅವಸರಪಡಿಸುವಂತಿಲ್ಲ. ಪರೀಕ್ಷೆ, ಮೌಲ್ಯಮಾಪನ, ಕಲೋತ್ಸವ, ಚುನಾವಣೆಯ ಕೆಲಸ, ಇವುಗಳ ನಡುವೆ ಹತ್ತು ವರ್ಷಗಳಲ್ಲಿ 19 ಕ್ಯಾಸೆಟ್ಟುಗಳು ಮುಗಿದುವು. ಹತ್ತು ವರ್ಷಕ್ಕೆ ಹತ್ತೊಂಬತ್ತು! ಈ ಲೆಕ್ಕವನ್ನು ಈಗ ಹೇಳುವಾಗ ನಮಗೆ ನಾಚಿಕೆಯಾಗುತ್ತದೆ. ಕ್ಯಾಸೆಟ್ಟುಗಳು ಕಪಾಟಿನಲ್ಲಿ ಭದ್ರವಾಗಿವೆ, ಯಂತ್ರ ಮೇಜಿನ ಮೇಲಿದೆ, ನಾಳೆ ಮಾಡಿದರಾಯಿತು ಎಂಬ ಧೈರ್ಯ.

2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ರಕ್ಷಣೆಯ ತಿದ್ದುಪಡಿಗಳು ನಿಂತುವು. ಯಂತ್ರವನ್ನು ತೆರೆದಾಗಲೆಲ್ಲ ಪರದೆಯ ತುಂಬ ಎಚ್ಚರಿಕೆಯ ಮಾತು. ಸಂಘದ ಲೆಕ್ಕಪತ್ರಗಳೂ ಅದೇ ಯಂತ್ರದಲ್ಲಿದ್ದುವಾದುದರಿಂದ ಖಜಾಂಚಿಗಳು ಹೆದರಿದರು, ಹೆದರಿದ್ದು ನ್ಯಾಯವೇ. ಹೊಸ ವ್ಯವಸ್ಥೆಯನ್ನು ಹಾಕಿಸೋಣವೇ ಎಂದು ಕೇಳಿದರು. ಆಗಲಿ ಎಂದವರು ನಾವು. ಪೇಟೆಯ ಅಂಗಡಿಯೊಂದರಲ್ಲಿ ಒಂದು ದಿನದೊಳಗೆ ವಿಂಡೋಸ್ 10 ಹಾಕಿಕೊಟ್ಟರು. ಲೆಕ್ಕಪತ್ರ, ಆಮಂತ್ರಣಪತ್ರಿಕೆಗಳ ಕಡತ, ಭಾವಚಿತ್ರಗಳು, ಎಲ್ಲವೂ ಸುರಕ್ಷಿತವಾಗಿದ್ದುವು. ಯಂತ್ರವೂ ಚುರುಕಾದಂತೆ ತೋರಿತು. ಎರಡು ವಾರಗಳ ಮೇಲೆ ಒಂದು ಶನಿವಾರ 20ನೆಯ ಕ್ಯಾಸೆಟ್ಟನ್ನು ಕ್ಯಾಮೆರಾದಲ್ಲಿಟ್ಟು, ತಂತಿಯನ್ನು ಜೋಡಿಸಿ, ಗುಂಡಿಯನ್ನೊತ್ತಿದೆವು. ಕ್ಯಾಮೆರಾದಲ್ಲಿ ಪಟ್ಟಿ ತಿರುಗಿತು. ಗಣಕಯಂತ್ರದಲ್ಲಿ ಏನೂ ಇಲ್ಲ.

ಕಾರ್ಡನ್ನು ತೆಗೆದು ಮತ್ತೆ ಹಾಕಿದೆವು. ಊದಿದೆವು. ಸಾಧನಗಳ ಪಟ್ಟಿಯನ್ನು ತೆರೆದು ನೋಡಿದರೆ ಕಾರ್ಡಿನ ಹೆಸರು ಅಲ್ಲಿದೆ. ಅದರ ಮುಂದೆ, ಈ ಸಾಧನವು ಸರಿಯಾಗಿ ಕೆಲಸ ಮಾಡುತ್ತಿದೆ ಎಂಬ ಒಕ್ಕಣೆ! ಕೆಟ್ಟಿದೆ ಎಂದು ಹೇಳಿದ್ದರೆ ಇನ್ನೊಂದನ್ನು ಕೊಳ್ಳಬಹುದಾಗಿತ್ತು. ಹಾಜರಿಪಟ್ಟಿಯಲ್ಲಿ ಹಾಜರಿ, ತರಗತಿಯಲ್ಲಿ ಹುಡುಗನಿಲ್ಲ, ಅಂಥ ಸ್ಥಿತಿ. ಯಾರೋ ಹೇಳಿದರೆಂದು, ಒಂದು ತುದಿ ಫೈರ್‌ವೈರ್ ಇನ್ನೊಂದು ತುದಿ ಯುಎಸ್‌ಬಿ ಇರುವ ತಂತಿಯನ್ನು ತರಿಸಿದೆವು. ಅದು ಬರಿಯ ತಂತಿ. ಈ ಎರಡು ಏರ್ಪಾಟುಗಳ ಮಾತಿನ ರೀತಿಯೇ ಬೇರೆಯಾಗಿರುವಾಗ ನಡುವೆ ತಂತಿಯೆಳೆದ ಮಾತ್ರಕ್ಕೆ ಸಂಭಾಷಣೆ ನಡೆಯುವುದೆ? ಮಾರಿದವನಿಗೆ ಇದು ತಿಳಿದಿದ್ದಿತೋ ಇಲ್ಲವೋ, ನಮ್ಮ ದುಡ್ಡಂತೂ ಹೋಯಿತು. ಅಂಗಡಿಯವರನ್ನು ಕೇಳಿದರೆ, "ಮಾಸ್ಟ್ರೇ, ಈ ಕಾಲದಲ್ಲಿ ಯಾರು ಕ್ಯಾಸೆಟ್ ಇಟ್ಟುಕೊಳ್ಳುತ್ತಾರೆ?" ಎಂದರು. ಅಷ್ಟರಲ್ಲಿ ಮಾರ್ಚ್ ಬಂದಿತು, ಕೊರೋನಾ ಬಂದಿತು, ಸಂಘದ ಬಾಗಿಲಿಗೆ ಬೀಗ ಬಿದ್ದಿತು. ಉಳಿದ 43 ಕ್ಯಾಸೆಟ್ಟುಗಳು ಕಪಾಟಿನೊಳಗೆ, ಆ ಕಪಾಟು ಮುಚ್ಚಿದ ಕೋಣೆಯೊಳಗೆ. ನಮ್ಮ ಸೀಮೆಯ ಆಷಾಢ ಶ್ರಾವಣಗಳ ಮಳೆ ಎಂಥದೆಂದು ತಮಗೆ ಹೇಳಬೇಕಾಗಿಲ್ಲ.

ಈಗ, ಕಾರ್ಡು ಏಕೆ ಮೂಕವಾಯಿತೆಂಬುದನ್ನು ನಮಗೆ ತಿಳಿದ ಮಟ್ಟಿಗೆ ವಿವರಿಸುತ್ತೇವೆ. ಯಂತ್ರ ಒಂದು, ಅದಕ್ಕೆ ಸಿಕ್ಕಿಸಿದ ಕಾರ್ಡು ಇನ್ನೊಂದು. ಇವೆರಡರ ನಡುವೆ ಡ್ರೈವರ್ ಎಂಬ ಒಂದು ಬರೆಹವಿರುತ್ತದೆ. ಬಸ್ಸಿನ ಡ್ರೈವರಲ್ಲ; ಇದನ್ನು ದುಭಾಷಿ ಎಂದರೆ ಹೆಚ್ಚು ಸರಿ. ಕಾರ್ಡಿನ ಸಂಕೇತವನ್ನು ವ್ಯವಸ್ಥೆಗೂ ವ್ಯವಸ್ಥೆಯ ಅಪ್ಪಣೆಯನ್ನು ಕಾರ್ಡಿಗೂ ತಿಳಿಯುವಂತೆ ಹೇಳುವುದು ಅದರ ಕೆಲಸ. ವ್ಯವಸ್ಥೆಯು ಹೊಸದಾದಾಗ ಕಾರ್ಡು ಅದೇ, ಕಿಂಡಿ ಅದೇ, ವಿದ್ಯುತ್ತು ಅದೇ. ಬದಲಾದುದು ಆಸ್ಥಾನದ ಭಾಷೆ. ಹಳೆಯ ದುಭಾಷಿಗೆ ಅಲ್ಲಿ ಪ್ರವೇಶವಿಲ್ಲ. ಹೊಸ ದುಭಾಷಿಗೆ ಕಾರ್ಡಿನ ಮಾತು ಪೂರ್ತಿಯಾಗಿ ತಿಳಿಯದು.

ವ್ಯಾಕರಣ ಪಾಠಮಾಡುವವನಿಗೆ ಇದರಲ್ಲಿ ಆಶ್ಚರ್ಯವೇನೂ ತೋರಬಾರದು. ಹಳಗನ್ನಡದಲ್ಲಿ ‘ರಾಮನಂ’ ಎಂದರೆ ಸಾಕಾಗಿತ್ತು. ಹೊಸಗನ್ನಡದಲ್ಲಿ ‘ರಾಮನನ್ನು’ ಎನ್ನಬೇಕು. ಪ್ರಕೃತಿ ಅದೇ, ಪ್ರತ್ಯಯ ಬೇರೆ. ‘ಮೞೆ’ ಎಂಬ ಶಬ್ದವನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಎಂಟನೆಯ ತರಗತಿಯ ಹುಡುಗನು ನಡುವಿನ ಅಕ್ಷರವನ್ನು ಕಂಡು ತಡೆದು ನಿಲ್ಲುತ್ತಾನೆ. ಮಳೆಯನ್ನು ಅವನು ಕಾಣದವನೆ? ಆ ದಿನ ಬೆಳಿಗ್ಗೆ ಅದರಲ್ಲಿಯೇ ನೆನೆದು ಬಂದಿರುತ್ತಾನೆ. ವಸ್ತುವನ್ನು ಬಲ್ಲ, ಶಬ್ದವನ್ನು ಬಲ್ಲ, ಒಂದು ಅಕ್ಷರ ಬಳಕೆ ತಪ್ಪಿತಷ್ಟೆ. ನಮ್ಮ ಕಾರ್ಡು ಹೊಸ ವ್ಯವಸ್ಥೆಯ ಮುಂದೆ ೞಕಾರದಲ್ಲಿ ಮಾತಾಡುತ್ತಿದ್ದಿತು.

ನಿಜವಾಗಿ ನಡೆದುದು ಹೀಗೆ. ವಿಂಡೋಸ್ 7ರಲ್ಲಿ ಫೈರ್‌ವೈರಿಗಾಗಿ ಎರಡು ಡ್ರೈವರುಗಳಿದ್ದುವು: ಹೊಸದಾಗಿ ಬರೆದುದೊಂದು, ಹಿಂದಿನಿಂದ ಬಂದ ಹಳೆಯದೊಂದು. ಯಂತ್ರವು ತಾನಾಗಿ ಆರಿಸಿಕೊಳ್ಳುವುದು ಹೊಸದನ್ನು. ಕೆಲವು ಕಾರ್ಡುಗಳಿಗೂ ಕ್ಯಾಮೆರಾಗಳಿಗೂ ಹೊಸದು ಹೊಂದುವುದಿಲ್ಲ. ಅಂಥಲ್ಲಿ ಕೈಯಿಂದ ಹಳೆಯದನ್ನು ಆರಿಸಬೇಕು. ಮಂಗಳೂರಿನ ಅಂಗಡಿಯ ಹುಡುಗನು 2010ರಲ್ಲಿ ಹಾಗೆಯೇ ಆರಿಸಿಕೊಟ್ಟಿದ್ದನು. ಜಾಣ ಹುಡುಗ. ಆದರೆ ಅವನು ಹೇಳಲಿಲ್ಲ, ನಾವು ಕೇಳಲಿಲ್ಲ, ಯಾರೂ ಬರೆದಿಡಲಿಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟಿನವರು ಹಳೆಯ ಡ್ರೈವರನ್ನು ವ್ಯವಸ್ಥೆಯೊಳಗಿನಿಂದ ತೆಗೆದುಹಾಕಿದರು. ವಿಂಡೋಸ್ 10ಕ್ಕೂ ಅದೇ ಗತಿ. ಬೇಕಾದವರು ಬೇರೆಯಾಗಿ ತರಿಸಿ ಹಾಕಿಕೊಳ್ಳಲೆಂದು ಅದನ್ನು ಅನಂತರ ಅವರೇ ಒದಗಿಸಿದ್ದರೂ, ಇದೆಯೆಂದು ಬಲ್ಲವನಿಗಲ್ಲವೆ ತರಿಸಿಕೊಳ್ಳುವ ಮಾತು?

ಇದು ನಮ್ಮೊಬ್ಬರ ಕಾರ್ಡಿಗೆ ಬಂದ ಗತಿಯೆಂದು ಎಣಿಸಬೇಡಿ. ವ್ಯವಸ್ಥೆ ಬದಲಾದಾಗ ಕಾರ್ಡುಗಳು ನಿಲ್ಲುವುದಕ್ಕೆ ಬೇರೆ ಕಾರಣಗಳೂ ಇವೆ. 32 ಬಿಟ್ಟಿನ ವ್ಯವಸ್ಥೆಗೆ ಬರೆದ ಡ್ರೈವರು 64 ಬಿಟ್ಟಿನದರಲ್ಲಿ ಸರ್ವಥಾ ನಡೆಯದು. 2007ರಲ್ಲಿ ಬಂದ ವಿಸ್ಟಾದ 64 ಬಿಟ್ಟಿನ ರೂಪದಿಂದಾಚೆಗೆ ಡ್ರೈವರಿಗೆ ಮುದ್ರೆಯೊತ್ತಿರಬೇಕೆಂಬ ಕಟ್ಟಳೆ; 2016ರಿಂದ ಹೊಸ ಡ್ರೈವರುಗಳಿಗೆ ಆ ಮುದ್ರೆಯನ್ನು ಮೈಕ್ರೋಸಾಫ್ಟಿನವರೇ ಒತ್ತಬೇಕೆಂದಾಯಿತು. ಕಾರ್ಡು ಮಾಡಿದ ಕಂಪೆನಿಯೇ ಮುಚ್ಚಿಹೋಗಿದ್ದರೆ ಮುದ್ರೆಗಾಗಿ ಅರ್ಜಿ ಹಾಕುವವರು ಯಾರು? ವಿಂಡೋಸ್ 11ಕ್ಕಂತೂ 32 ಬಿಟ್ಟಿನ ರೂಪವೇ ಇಲ್ಲ. ಇತರರೂ ಹೀಗೆಯೇ. ಲಿನಕ್ಸಿನವರು 2023ರಲ್ಲಿ, ಬಳಸುವವರಿಲ್ಲವೆಂದು, ಹಳೆಯ ಪಿಸಿ ಕಾರ್ಡುಗಳ ಕೆಲವು ಡ್ರೈವರುಗಳನ್ನು ತೆಗೆದುಹಾಕಿದರು. ಇನ್ನು ಫೈರ್‌ವೈರನ್ನು ಹೆತ್ತ ಆಪಲ್ ಸಂಸ್ಥೆಯೇ 2025ರ ಸೆಪ್ಟೆಂಬರಿನಲ್ಲಿ ಹೊರತಂದ ತಾಹೋ ಎಂಬ ವ್ಯವಸ್ಥೆಯಲ್ಲಿ ಫೈರ್‌ವೈರಿಗೆ ಬಾಗಿಲು ಮುಚ್ಚಿತು. ಹೆತ್ತ ತಾಯಿಯೇ ಮಗುವಿನ ಗುರುತು ಮರೆತಂತೆ ನಮಗೆ ತೋರಿತು.

ಮೊದಮೊದಲು ನಮಗೆ ಕೋಪ ಬಂದುದು ನಿಜ. ಆಮೇಲೆ ಯೋಚಿಸಿದಾಗ ಅವರ ಪಕ್ಷದಲ್ಲಿಯೂ ಕೆಲವು ಮಾತುಗಳು ಕಂಡುವು. ಫೈರ್‌ವೈರ್ ಕಿಂಡಿಗೆ ಜೋಡಿಸಿದ ಸಾಧನವು ಗಣಕಯಂತ್ರದ ಸ್ಮರಣೆಯನ್ನು ನೇರವಾಗಿ ಓದಬಲ್ಲದು, ಬರೆಯಬಲ್ಲದು. ಅದರ ವೇಗದ ಗುಟ್ಟುಗಳಲ್ಲಿ ಇದೂ ಒಂದು. ಕಳ್ಳನಿಗೆ ಹಿತ್ತಿಲ ಬಾಗಿಲಾಗಬಲ್ಲದ್ದೂ ಅದೇ. ಹಳೆಯ ಡ್ರೈವರುಗಳಲ್ಲಿಯೂ ಇಂಥ ತೂತುಗಳಿರುತ್ತವೆ. ಕೋಟಿಗಟ್ಟಳೆ ಯಂತ್ರಗಳ ಕ್ಷೇಮವನ್ನು ನೋಡಬೇಕಾದವರು ಸಾವಿರದಲ್ಲೊಬ್ಬನ ಕಾರ್ಡಿಗಾಗಿ ಬಾಗಿಲು ತೆರೆದಿಡಲಾರರು. ಇಷ್ಟನ್ನು ಒಪ್ಪುತ್ತೇವೆ. ಆದರೆ ವ್ಯವಸ್ಥೆಯನ್ನು ಬದಲಾಯಿಸುವ ಮುನ್ನ, ನಿಮ್ಮ ಯಂತ್ರದಲ್ಲಿರುವ ಇಂಥ ಕಾರ್ಡು ನಾಳೆ ನಡೆಯದಿರಬಹುದು ಎಂದು ಒಂದು ಸಾಲು ಬರೆದು ತೋರಿಸುವುದು ಅಸಾಧ್ಯವಾಗಿತ್ತೆ? ಸರಿಯಾಗಿ ಕೆಲಸ ಮಾಡುತ್ತಿದೆ ಎಂಬ ಆ ಒಕ್ಕಣೆಯನ್ನು ಮಾತ್ರ ನಾವು ಇಂದಿಗೂ ಮನ್ನಿಸಿಲ್ಲ.

2022ರ ದೀಪಾವಳಿಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ಊರಿಗೆ ಬಂದಿದ್ದನು. ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ವಿಭಕ್ತಿ ಪ್ರತ್ಯಯಗಳಲ್ಲಿ ಒಂದು ದಿನವೂ ಸರಿಯುತ್ತರ ಹೇಳಿದವನಲ್ಲ. ಕಾರ್ಡನ್ನೂ ಯಂತ್ರವನ್ನೂ ತೋರಿಸಿದೆವು. ಸಾಧನಗಳ ಪಟ್ಟಿಯನ್ನು ನೋಡುತ್ತಲೇ, "ಸರ್, ಇದಕ್ಕೆ ಹಳೆಯ ಡ್ರೈವರ್ ಬೇಕು" ಎಂದನು. ಮೈಕ್ರೋಸಾಫ್ಟಿನ ಹಳೆಯ ಡ್ರೈವರನ್ನು ತರಿಸಿ ಹಾಕಿದನು. ತಂತಿ ಜೋಡಿಸಿದೊಡನೆ ಪರದೆಯಲ್ಲಿ ಕ್ಯಾಮೆರಾದ ಹೆಸರು ಮೂಡಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದಿತು. ನಾವು ಎದ್ದುನಿಂತೆವೆಂದು ಅವನು ಈಗಲೂ ಹಾಸ್ಯಮಾಡುತ್ತಾನೆ.

ಆ ವಾರದಲ್ಲಿ ಹಗಲಿರುಳೆನ್ನದೆ 7 ಕ್ಯಾಸೆಟ್ಟುಗಳನ್ನು ಇಳಿಸಿದೆವು. ಅವನು ಬೆಂಗಳೂರಿಗೆ ಹೋದ ಮೂರನೆಯ ವಾರ ಯಂತ್ರವು ತಾನಾಗಿಯೇ ಒಂದು ದೊಡ್ಡ ತಿದ್ದುಪಡಿಯನ್ನು ತಂದುಹಾಕಿಕೊಂಡಿತು. ಹಳೆಯ ಡ್ರೈವರಿನ ಜಾಗದಲ್ಲಿ ಮತ್ತೆ ಹೊಸದು ಬಂದು ಕುಳಿತಿತು. ಮತ್ತೆ ಮೌನ. ಫೋನಿನಲ್ಲಿ ಅವನು ಹೇಳಿಕೊಟ್ಟಂತೆ ಮಾಡಹೋಗಿ ನಾವು ಇನ್ನಷ್ಟು ಕೆಡಿಸಿದೆವು. ಕ್ರಿಸ್‌ಮಸ್ ರಜೆಯಲ್ಲಿ ಅವನು ಮತ್ತೆ ಬಂದು ಬೇರೊಂದು ಉಪಾಯ ಹೂಡಿದನು. ಲೆಕ್ಕಪತ್ರಗಳಿದ್ದ ಹಾರ್ಡ್ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು, ಹಳೆಯದೊಂದು ಡಿಸ್ಕನ್ನು ಹಾಕಿ, ಅದರಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ತುಂಬಿದನು. ಕೇರಳದ ಶಾಲೆಗಳಲ್ಲಿ ಗಣಕಪಾಠ ನಡೆಯುವುದೇ ಲಿನಕ್ಸಿನಲ್ಲಿ. ಅವನು ಅದನ್ನು ಕಲಿತದ್ದು ನಮ್ಮ ಶಾಲೆಯಲ್ಲಿ, ನಮ್ಮ ಪಕ್ಕದ ಕೋಣೆಯಲ್ಲಿಯೇ. ಡಿವಿಗ್ರಾಬ್ ಎಂಬ ಪುಟ್ಟ ಕಾರ್ಯಕ್ರಮವೊಂದನ್ನು ಹಾಕಿ, ಒಂದೇ ಸಾಲಿನ ಅಪ್ಪಣೆಯನ್ನು ಟೈಪುಮಾಡಿದನು. ಯಾವ ಡ್ರೈವರನ್ನೂ ಹುಡುಕಬೇಕಾಗಲಿಲ್ಲ. ಕ್ಯಾಮೆರಾ ತಾನಾಗಿ ತಿರುಗಿತು, ಅಂಕಿಗಳು ಹರಿದುಬಂದುವು.

ನಮಗೆ ಆಗ ನೆನಪಾದುದು ಇದು: ನಮ್ಮ ಹುಡುಗನು ತಡೆದುನಿಂತ ೞಕಾರವನ್ನು ಪಕ್ಕದ ಮಲೆಯಾಳ ತರಗತಿಯ ಹುಡುಗನು ದಿನವೂ ಸಲೀಸಾಗಿ ಉಚ್ಚರಿಸುತ್ತಾನೆ. ಅವರ ಮಳೆಯಲ್ಲಿ ಆ ಅಕ್ಷರ ಇನ್ನೂ ಇದೆ. ಒಂದು ಮನೆಯಲ್ಲಿ ಬಳಕೆ ತಪ್ಪಿದ್ದು ನೆರೆಮನೆಯಲ್ಲಿ ಉಳಿದಿರುವುದುಂಟು. ಆದರೆ ಅಲ್ಲಿಯೂ ಶಾಶ್ವತವೆಂದು ತಿಳಿಯಬಾರದು. ಲಿನಕ್ಸಿನಲ್ಲಿ ಫೈರ್‌ವೈರಿನ ಭಾಗವನ್ನು ನೋಡಿಕೊಳ್ಳುವವರು 2029ರ ತನಕ ಅದನ್ನು ಪಾಲಿಸುವುದಾಗಿ ತಿಳಿಸಿದ್ದಾರೆ. ಆ ಇಸವಿಯನ್ನು ನಾವು ಸಂಘದ ಗೋಡೆಯ ಮೇಲೆ ಬರೆಸಿದ್ದೇವೆ. ಅದೇನೆಂದು ಕೇಳಿದವರಿಗೆ ಇದೇ ಉತ್ತರ.

ಇನ್ನು ಕ್ಯಾಸೆಟ್ಟುಗಳ ಲೆಕ್ಕ. ಉಳಿದಿದ್ದ 36ರಲ್ಲಿ 31 ಕ್ಯಾಸೆಟ್ಟುಗಳು ಬಂದುವು. ಐದಕ್ಕೆ ಬೂಜು ಹಿಡಿದಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಸುರುಳಿಯ ಅಂಚಿನಲ್ಲಿ ಬೂದಿಬಣ್ಣದ ಪುಡಿ ಕಾಣುತ್ತದೆ. ಅಂಥದನ್ನು ಕ್ಯಾಮೆರಾಕ್ಕೆ ಹಾಕಿದರೆ ಬೂಜು ಒಳಗಿನ ಉರುಳೆಗೆ ತಗಲಿ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಆದುದರಿಂದ ಹಾಕಲಿಲ್ಲ. ಅವುಗಳಲ್ಲಿ ಎರಡು, ಒಂದೇ ತಾಳಮದ್ದಳೆಯ ಎರಡನೆಯ, ಮೂರನೆಯ ಭಾಗಗಳು. ಮೊದಲ ಭಾಗದಲ್ಲಿ ಕೃಷ್ಣನು ಸಂಧಾನಕ್ಕಾಗಿ ಹಸ್ತಿನಾವತಿಗೆ ಹೊರಡುತ್ತಾನೆ. ಸಭೆಯಲ್ಲಿ ಏನು ಮಾತಾಡಿದನೆಂಬುದು ಬೂಜಿನಡಿಯಲ್ಲಿದೆ. ಆ ದಿನದ ಅರ್ಥಧಾರಿಗಳಲ್ಲಿ ಇಬ್ಬರು ಈಗಿಲ್ಲ. ಹತ್ತು ವರ್ಷ ಅವಕಾಶವಿದ್ದಿತು. ಕಾರ್ಡನ್ನೂ ಕಂಪೆನಿಯನ್ನೂ ದೂರಿ ಮುಗಿಸಬಹುದಾದ ಲೆಕ್ಕ ಇದಲ್ಲ, ಇದರಲ್ಲಿ ನಮ್ಮ ಪಾಲು ದೊಡ್ಡದೆಂದು ಈ ಸಭೆಯಲ್ಲಿಯೇ ಹೇಳಿಬಿಡುತ್ತೇವೆ. ಬೂಜನ್ನು ಶುದ್ಧಿಮಾಡಿ ಇಳಿಸಬಲ್ಲವರು ಎಲ್ಲಿಯಾದರೂ ದೊರೆತಾರೆಂದು ಆ ಐದನ್ನೂ ಒಣಗಿದ ಡಬ್ಬದಲ್ಲಿ ಹಾಕಿ ಇಟ್ಟಿದ್ದೇವೆ.

ತಮ್ಮ ತಮ್ಮ ಮನೆಗಳಲ್ಲಿಯೂ 2000ದಿಂದೀಚಿನ ಮದುವೆ, ಉಪನಯನ, ಗೃಹಪ್ರವೇಶಗಳ ಇಂಥ ಪುಟ್ಟ ಕ್ಯಾಸೆಟ್ಟುಗಳು ಬೀರುವಿನ ಮೂಲೆಯಲ್ಲಿ ಇದ್ದೇ ಇರುತ್ತವೆ. ಸಂಘದ ಲ್ಯಾಪ್‌ಟಾಪು ಈಗ ಆ ಒಂದು ಕೆಲಸಕ್ಕೇ ಮೀಸಲು. ಅದಕ್ಕೆ ಅಂತರಜಾಲವಿಲ್ಲ, ತಿದ್ದುಪಡಿಯಿಲ್ಲ, ಹೊಸ ವ್ಯವಸ್ಥೆಯ ಮಾತೇ ಇಲ್ಲ. ಲೆಕ್ಕಪತ್ರಕ್ಕೆ ಖಜಾಂಚಿಗಳು ಬೇರೆ ಯಂತ್ರವನ್ನು ಕೊಂಡಿದ್ದಾರೆ. ಕಾರ್ಡಿನ ಹೆಸರು, ಕಿಂಡಿಯ ಬಗೆ, ಟೈಪುಮಾಡಬೇಕಾದ ಅಪ್ಪಣೆ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದೇವೆ. ನಾವಿಲ್ಲದಿದ್ದರೂ ಯಾರಾದರೂ ನಡೆಸಬಹುದು. ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ಕಚೇರಿ ತೆರೆದಿರುತ್ತದೆ. ಕ್ಯಾಸೆಟ್ಟನ್ನೂ, ಪ್ರತಿಯನ್ನು ಇಟ್ಟುಕೊಳ್ಳಲು ಒಂದು ಪೆನ್‌ಡ್ರೈವನ್ನೂ ತನ್ನಿ. ಗಂಟೆಗೆ 13 ಗಿಗಾಬೈಟು ಎಂಬುದು ನೆನಪಿರಲಿ. 8ರದ್ದು ತಂದು ಬೈಸಿಕೊಂಡವರಿದ್ದಾರೆ. ಹಳೆಯ ಕ್ಯಾಮೆರಾ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ, ಸಂಘಕ್ಕೆ ಕೊಡಿ. ನಮ್ಮದೂ ಮುದಿಯಾಗಿದೆ, ಅದರ ಬಿಡಿಭಾಗಗಳು ಈಗ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಮನೆಯ ಗಣಕಯಂತ್ರಕ್ಕೆ ಹೊಸ ವ್ಯವಸ್ಥೆ ಹಾಕಿಸುವವರು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅವಧಿಯೂ ಮುಗಿದುದರಿಂದ ಅನೇಕರು ಈಗ ಹಾಕಿಸುತ್ತಿದ್ದೀರಿ, ಮೊದಲು ಅದಕ್ಕೆ ಸಿಕ್ಕಿಸಿದ ಪ್ರತಿಯೊಂದು ವಸ್ತುವಿನ ಹೆಸರನ್ನೂ ಬರೆದು ಅಂಗಡಿಯವನ ಕೈಗೆ ಕೊಡಿ. ಪ್ರಿಂಟರು, ಸ್ಕ್ಯಾನರು, ಕಾರ್ಡು, ಯಾವುದನ್ನೂ ಬಿಡಬೇಡಿ. ಇವೆಲ್ಲ ಅದರಲ್ಲಿ ನಡೆಯುತ್ತವೆಯೆ ಎಂದು ಕೇಳಿ. ಸಾಧ್ಯವಾದರೆ ಹಳೆಯ ಡಿಸ್ಕನ್ನು ಹಾಗೆಯೇ ತೆಗೆದಿರಿಸಿ ಹೊಸದೊಂದರಲ್ಲಿ ಹಾಕಿಸಿ.

44ನೆಯ ಕ್ಯಾಸೆಟ್ಟಿನ ವಿಷಯ ಹೇಳದೆ ಇಳಿಯುವಂತಿಲ್ಲ. ಅದು ಬಂದಿತು. ಮೊದಲ ಎಂಟು ಹಾಡುಗಳು ಚಿತ್ರಸಹಿತವಾಗಿ, ಹಿಂದೆ ಕರು ಕೂಗಿದ್ದೂ ಕೇಳುವಷ್ಟು ಸ್ಪಷ್ಟವಾಗಿವೆ. ಒಂಬತ್ತನೆಯದರ ಆರಂಭದಲ್ಲಿ ಚಿತ್ರವು ಚೌಕ ಚೌಕವಾಗಿ ಒಡೆಯುತ್ತದೆ, ದನಿ ಕತ್ತರಿಸುತ್ತದೆ, ಆಮೇಲೆ ಏನೂ ಇಲ್ಲ. ನಾಲ್ಕು ಬಾರಿ ಪ್ರಯತ್ನಿಸಿದೆವು. ನಮ್ಮ ಉದ್ದ ಪುಸ್ತಕದಲ್ಲಿ ಆ ಮೂರು ಹಾಡುಗಳು ಯಾವ ಸಂದರ್ಭದವೆಂದು ಬರೆದಿದೆ: ಒಂದು ಹಸೆಗೆ ಕರೆಯುವಾಗಿನದು, ಒಂದು ಧಾರೆಯೆರೆಯುವಾಗಿನದು, ಒಂದು ಹೆಣ್ಣೊಪ್ಪಿಸಿಕೊಡುವಾಗಿನದು. ಹಸೆಯ ಹಾಡನ್ನು ಮೊಮ್ಮಗಳು ನೆನಪಿನಿಂದ ಹೇಳಿ ಬರೆಯಿಸಿದ್ದಾರೆ, ನಡುವೆ ಒಂದು ನುಡಿ ಬಿಟ್ಟುಹೋಗಿದೆಯೆಂದು ಅವರಿಗೆ ಅನುಮಾನ. ಉಳಿದೆರಡು ಅವರಿಗೆ ಬಾರದು. ಯಂತ್ರವನ್ನು ಇಂದು ಇಲ್ಲಿಗೇ ತಂದು ವೇದಿಕೆಯ ಬಲಗಡೆಯ ಮೇಜಿನ ಮೇಲೆ ಇರಿಸಿದ್ದೇವೆ. ಸಭೆ ಮುಗಿದಮೇಲೆ ಊಟಕ್ಕೆ ಏಳುವ ಮುನ್ನ, ನಮ್ಮ ತಾಯಂದಿರು, ಅದರಲ್ಲಿಯೂ ಅರುವತ್ತು ದಾಟಿದವರು, ದಯಮಾಡಿ ಅತ್ತ ಬಂದು ಆ ಎಂಟು ಹಾಡುಗಳ ಧಾಟಿಯನ್ನು ಒಮ್ಮೆ ಕೇಳಬೇಕು. ಒಂಬತ್ತನೆಯದರ ಮೊದಲ ಎರಡು ಮಾತುಗಳೂ ಕೇಳಿಸುತ್ತವೆ. ಬರೆದುಕೊಳ್ಳಲು ಪುಸ್ತಕವನ್ನೂ ಲೇಖನಿಯನ್ನೂ ಹಿಡಿದುಕೊಂಡು ಮೊಮ್ಮಗಳು ಅಲ್ಲಿಯೇ ಕುಳಿತಿರುತ್ತಾರೆ.